ಅಕ್ಕಯ್ಯಮ್ಮನಿಗೆ ಯಾರೂ ಇಲ್ಲ

ಹೊರಗಿನವರ ಮುಂದೆ ‘ಇಲ್ಲ’ ಎನ್ನುವುದು ನನ್ನಿಂದಾಗದ ಕೆಲಸ. ಮನೆಯಲ್ಲಿ ಸಕ್ಕರೆಯ ಡಬ್ಬ ಬರಿದಾಗಿದ್ದರೂ ಬಂದವರನ್ನು ‘ಕಾಫಿ ಕುಡಿದೇ ಹೋಗಬೇಕು’ ಎಂದು ಬಲವಂತವಾಗಿ ಕೂರಿಸುತ್ತೇನೆ. ಆಮೇಲೆ ಲೋಟ ಹಿಡಿದು ಹಿತ್ತಲ ಬಾಗಿಲಿನಿಂದ ಪಕ್ಕದ ಮನೆಗೆ ಓಡುವವಳು ನನ್ನ ಹೆಂಡತಿ ರತ್ನ. ಈ ಕಾಯಿಲೆ ನನಗೊಬ್ಬನಿಗೇ ಇದೆಯೆಂದು ಬಹಳ ಕಾಲ ನಂಬಿದ್ದೆ. ಅರವತ್ತರ ದಶಕದ ಕೊನೆಯಲ್ಲಿ ನಂದಗುಡಿ ಹೋಬಳಿಯ ಒಂದು ಹಳ್ಳಿಗೆ ಪ್ರೈಮರಿ ಶಾಲೆಯ ಮೇಷ್ಟ್ರಾಗಿ ಹೋದಾಗ, ಇಡೀ ಊರಿಗೇ ಅದು ಅಂಟಿಕೊಂಡಿರುವುದನ್ನು ಕಂಡು ಒಂದು ಬಗೆಯ ಸಮಾಧಾನವಾಯಿತು.

ನಮ್ಮ ಮನೆಯ ಎದುರಿನ ಗುಡಿಸಲಿನಲ್ಲಿ ಅಕ್ಕಯ್ಯಮ್ಮ ಎಂಬ ಮುದುಕಿಯಿದ್ದಳು. ಗಂಡನೂ ಉಳಿದಿರಲಿಲ್ಲ, ಮಕ್ಕಳೂ ಉಳಿದಿರಲಿಲ್ಲ. ಅವರಿವರ ಮನೆಗೆ ರಾಗಿ ಬೀಸಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದವಳು, ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕೈಕಟ್ಟಿ ಕೂತಳು. ಒಲೆ ಹಚ್ಚದ ದಿನ ನೀರು ಕುಡಿದು ಮಲಗುತ್ತಿದ್ದಳೇ ಹೊರತು ಯಾರ ಬಾಗಿಲಿಗೂ ಹೋಗುತ್ತಿರಲಿಲ್ಲ. ನೋಡುವುದಕ್ಕೆ ನನಗೆ ಸಂಕಟವಾಗುತ್ತಿತ್ತು. ದಿಕ್ಕಿಲ್ಲದ ಮುದುಕರಿಗೆ ಸರ್ಕಾರ ಪಿಂಚಣಿ ಕೊಡುತ್ತದೆಂದು ತಿಳಿದ ಕೂಡಲೇ ನಾನೇ ಅರ್ಜಿ ಬರೆದೆ. ಅದರಲ್ಲಿ ಎಷ್ಟು ಕರುಣಾರಸ ಸುರಿದಿದ್ದೆನೆಂದರೆ, ಓದಿ ಹೇಳಿದಾಗ ಅಕ್ಕಯ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಯಾರ್ ಸಾಮೀ ಆಯಮ್ಮ?” ಎಂದು ಕೇಳಿದಳು.

ವಿಚಾರಣೆಗೆ ಹೊಸಕೋಟೆಯಿಂದ ರೆವಿನ್ಯೂ ಇನ್ಸ್‌ಪೆಕ್ಟರು ಬಂದರು. ಚಾವಡಿಯಲ್ಲಿ ಊರೆಲ್ಲ ಸೇರಿತು. ಸಾಹೇಬರು ಪೆನ್ನು ತೆಗೆದು, “ಈ ಅಜ್ಜೀನ ನೋಡ್ಕೊಳ್ಳೋರು ಯಾರೂ ಇಲ್ಲ, ಅಲ್ವೇ?” ಎಂದರು. ‘ಹೌದು’ ಎಂದಿದ್ದರೆ ಮುಗಿದಿತ್ತು. ಆದರೆ ಹೊರಊರಿನ ಅಧಿಕಾರಿಯ ಮುಂದೆ ಊರಿನ ಮಾನದ ಪ್ರಶ್ನೆ. ಪಟೇಲರು ಎದ್ದುನಿಂತು, “ಯಾರೂ ಇಲ್ಲ ಅಂದ್ರೆ ಏನ್ ಸ್ವಾಮಿ? ನಾವೇನ್ ಸತ್ತೋಗಿದೀವಾ?” ಎಂದರು. ಅಂಗಡಿಯ ಶೆಟ್ಟರು ಹಿಂದೆ ಬೀಳುತ್ತಾರೆಯೇ? “ನಮ್ ಅಂಗ್ಡಿ ಬೇಳೆ ಬೆಲ್ಲ ಎಲ್ಲಾ ಆಯಮ್ಮಂದೇ ಅಂದ್ಕೊಳಿ” ಎಂದರು. ಅಕ್ಕಯ್ಯಮ್ಮನ ಮುಖ ಅರಳಿತು. “ಊರ್ ತುಂಬಾ ನನ್ ಮಕ್ಳೇ ಕಣಪ್ಪಾ” ಎಂದಳು. ಇನ್ಸ್‌ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕುತ್ತಾ, “ನಮ್ಮ ತಾಯಿಗೂ ಇಷ್ಟು ಜನ ಮಕ್ಕಳಿಲ್ಲ” ಎಂದು ಎದ್ದುಹೋದರು. ಅರ್ಜಿ ವಜಾ ಆಯಿತು. ಸಂಜೆ ಅಷ್ಟೂ ಮಕ್ಕಳು ತಮ್ಮ ತಮ್ಮ ಮನೆಗೆ ಹೋಗಿ ಉಂಡರು. ಅಕ್ಕಯ್ಯಮ್ಮ ನೀರು ಕುಡಿದಳು.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದೆ. ಈ ಸಲ ಮೈಯೆಲ್ಲ ಕಣ್ಣಾಗಿ, ಮನೆಮನೆಗೆ ಹೋಗಿ ಮಗ್ಗಿ ಹೇಳಿಕೊಡುವಂತೆ ಪಾಠ ಒಪ್ಪಿಸಿಕೊಂಡೆ: “ಯಾರೂ ಇಲ್ಲ ಸ್ವಾಮಿ, ದಿಕ್ಕಿಲ್ಲದೋಳು.” ಶೆಟ್ಟರಿಗೆ ಬೇಗ ಬಾಯಿಪಾಠವಾಯಿತು. ಪಟೇಲರಿಗೆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. “ನೆಲ ನೋಡ್ಕೊಂಡ್ ಹೇಳ್ತೀನಿ, ಆಗ್ತದಾ ಮೇಷ್ಟ್ರೇ?” ಎಂದು ಕೇಳಿದರು. ಧಾರಾಳವಾಗಿ ಆಗುತ್ತದೆ ಎಂದೆ. ಇಷ್ಟೆಲ್ಲ ಮಾಡಿದವನು, ವಿಷಯವನ್ನು ಅಕ್ಕಯ್ಯಮ್ಮನಿಗೆ ತಿಳಿಸುವುದನ್ನೇ ಮರೆತಿದ್ದೆ.

ಇನ್ಸ್‌ಪೆಕ್ಟರು ಬಂದರು, ಕೇಳಿದರು. ಶೆಟ್ಟರು ಯಾರೂ ಇಲ್ಲವೆಂದರು. ಪಟೇಲರು ನೆಲ ನೋಡುತ್ತಾ ದಿಕ್ಕಿಲ್ಲದವಳೆಂದರು. ಪಾಠ ಹೀಗೆ ಒಬ್ಬರಿಂದೊಬ್ಬರಿಗೆ ಸಾಗಿದಂತೆ ಅಕ್ಕಯ್ಯಮ್ಮ ತನ್ನ ಮಂಜುಗಣ್ಣಿನಿಂದ ಒಬ್ಬೊಬ್ಬರ ಮುಖವನ್ನೂ ಹುಡುಕಿ ಹುಡುಕಿ ನೋಡಿದಳು. “ಮೇಷ್ಟ್ರೇ, ನೀವು ಓದಿದೋರು. ನೀವೂ ಒಂದು ಮಾತು ಹೇಳ್ಬಿಡಿ, ಬರ್ಕೊಂಡು ಹೊರಡ್ತೀನಿ” ಎಂದರು ಇನ್ಸ್‌ಪೆಕ್ಟರು. ಅವಳು ನನ್ನ ಕಡೆ ತಿರುಗಿದಳು.

“ನಾವಿದ್ದೀವಲ್ಲ ಸಾರ್” ಎಂದುಬಿಟ್ಟೆ.

ಪಟೇಲರು ನೆಲದಿಂದ ತಲೆಯೆತ್ತಿ, “ನಮಗೆಲ್ಲ ಹೇಳ್ಕೊಟ್ಟು ಇದೇನ್ ಮೇಷ್ಟ್ರೇ?” ಎಂದು ಗೊಣಗಿದರು. ಇನ್ಸ್‌ಪೆಕ್ಟರು ಬಹಳ ಸಂತೋಷದಿಂದ ನನ್ನ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರು.

ನಾನು ಮನೆ ಸೇರುವಾಗ ಅಕ್ಕಯ್ಯಮ್ಮ ಚಾಪೆ ಸುತ್ತಿಕೊಂಡು ಹಿಂದೆಯೇ ಬರುತ್ತಿದ್ದಳು. ರತ್ನ ಬಾಗಿಲಲ್ಲಿ ಕಾಯುತ್ತಿದ್ದಳು.

“ಪಿಂಚಣಿ ಮಂಜೂರಾಯ್ತಾ?”

“ಒಂದು ರೀತೀಲಿ ಆಯ್ತು” ಎಂದೆ.

“ಒಂದು ರೀತೀಲಿ ಅಂದ್ರೆ? ಯಾರ್ ಕೊಡ್ತಾರಂತೆ?”

ನಾನು ಬಾಯಿ ತೆರೆಯುವ ಮೊದಲೇ ಅಕ್ಕಯ್ಯಮ್ಮ ಉತ್ತರ ಕೊಟ್ಟಳು: “ನೀನೇ ಅಂತೆ ಕಣವ್ವಾ.”

ರತ್ನ ಅವಳನ್ನು ನೋಡಿದಳು, ಚಾಪೆಯನ್ನು ನೋಡಿದಳು, ಆಮೇಲೆ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಕೊನೆಗೆ ಚಾಪೆಯನ್ನು ಇಸಿದುಕೊಂಡು, “ಒಳಗ್ ಬಾ ಅಜ್ಜಿ. ಎರಡೇ ಮುದ್ದೆ ಮಾಡಿದ್ದೆ. ಪರವಾಗಿಲ್ಲ, ಮೇಷ್ಟ್ರಿಗೆ ಇವತ್ತು ಹಸಿವಿಲ್ಲ” ಎಂದಳು.

ಆ ದಿನ ನನಗೆ ವಿಪರೀತ ಹಸಿವಾಗಿತ್ತು.