ಚೌಡೇಶನ ಮೂರು ರೂಟರು

ಕಸ ಗುಡಿಸುತ್ತಿದ್ದ ಪೆದ್ದಮ್ಮನ ಕಣ್ಣಿಗೆ ನಡುಮನೆಯ ರೂಟರಿನಿಂದ ಜೋತಾಡುತ್ತಿದ್ದ ವೈರಿನ ತುದಿಯೊಂದು ಬಿತ್ತು. ಮೊಳಕಾಲ್ಮೂರಿನಲ್ಲಿ ಹುಟ್ಟಿ, ರೇಷ್ಮೆ ಎಳೆಗಳ ನಡುವೆಯೇ ತಲೆ ನರೆಸಿಕೊಂಡ ಹೆಂಗಸು. ಬಿಟ್ಟ ತುದಿ ಕಂಡರೆ ಸುಮ್ಮನಿರಲಾರಳು. ಅದೇ ಡಬ್ಬಿಯಲ್ಲಿ ಒಂದು ತೂತು ಖಾಲಿ ಇತ್ತು. ತುದಿಯನ್ನು ಅದಕ್ಕೆ ತುರುಕಿದಳು, ಟಕ್ಕೆಂದು ಕೂತಿತು. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಕಸ ಎತ್ತಿಕೊಂಡು ಹೋದಳು. ಮನೆಯ ಇಂಟರ್ನೆಟ್ಟು ಅಲ್ಲಿಗೆ ಸತ್ತಿತು.

ಮಗ ಚೌಡೇಶನಿಗೆ ಇದು ಗೊತ್ತಿಲ್ಲ. ಅವನದು ರೈಲುಡಬ್ಬಿಯಂಥ ಉದ್ದನೆಯ ಮನೆ. ಇಂಟರ್ನೆಟ್ಟು ಬರುವುದು ಬೀದಿಬಾಗಿಲಿಗೆ, ಮಗ್ಗ ಇರುವುದು ಹಿಂದಿನ ಕೋಣೆಯಲ್ಲಿ. ನಡುವಿನ ಅಷ್ಟೂ ಕಲ್ಲುಗೋಡೆಗಳನ್ನು ಸಿಗ್ನಲ್ಲು ದಾಟದೆಂದು ನಡುಮನೆಗೊಂದು, ಮಗ್ಗದ ಬಳಿಗೊಂದು ಹೆಚ್ಚಿನ ರೂಟರು ತಂದು, ಚಳ್ಳಕೆರೆಯ ಅಂಗಡಿಯವನಿಂದ ವೈರು ಎಳೆಸಿದ್ದ.

ಇಷ್ಟೆಲ್ಲ ದರ್ಬಾರು ಒಂದು ವಿಡಿಯೊ ಕರೆಗಾಗಿ. ಬಳ್ಳಾರಿಯ ಸೀರೆ ಅಂಗಡಿಯ ಯಜಮಾನಿಯೊಬ್ಬರು ಆ ಸಂಜೆ ಅವನ ಮಗ್ಗ ನೋಡುವವರಿದ್ದರು. ಕೈಮಗ್ಗದ್ದೆಂದು ಪವರ್‌ಲೂಮ್ ಸೀರೆ ದಾಟಿಸಿದವರಿಂದ ಅವರು ಮೋಸಹೋಗಿದ್ದರು. ನೇಯುವುದನ್ನು ಕಣ್ಣಾರೆ ಕಂಡ ಮೇಲೆಯೇ ವ್ಯಾಪಾರದ ಮಾತು. ಒಪ್ಪಿದರೆ ವರ್ಷವಿಡೀ ಚೌಡೇಶನ ಸೀರೆ ಅವರಿಗೇ. ಒಪ್ಪದಿದ್ದರೆ ಅವನು ಮತ್ತೆ ಸೀರೆಗಂಟು ಹೊತ್ತು ದಲ್ಲಾಳಿಗಳ ಜಗುಲಿ ಕಾಯಬೇಕು. ಆ ಜಗುಲಿ ಅವನಿಗೆ ಸಾಕುಸಾಕಾಗಿತ್ತು.

ಮಧ್ಯಾಹ್ನ ಫೋನು ತೆರೆದು ನೋಡಿದರೆ ಯಾವ ಕೋಣೆಯಲ್ಲೂ ನೆಟ್ಟಿಲ್ಲ. ರೂಟರುಗಳ ದೀಪಗಳು ಮಾತ್ರ ಹುಚ್ಚೆದ್ದು ಮಿನುಗುತ್ತಿವೆ. ಚಳ್ಳಕೆರೆಯವನಿಗೆ ಫೋನು ಮಾಡಿದ. ಅವನು ಪರಶುರಾಂಪುರದ ಮದುವೆ ಮನೆಯಲ್ಲಿ ಊಟಕ್ಕೆ ಕೂತಿದ್ದ. ಆಫ್ ಮಾಡಿ ಆನ್ ಮಾಡಿ ಎಂಬ ಮಹಾಮಂತ್ರವನ್ನು ಉಪದೇಶಿಸಿ, ಹೋಳಿಗೆ ಬಂತೆಂದು ಫೋನಿಟ್ಟ. ಚೌಡೇಶ ಮೂರೂ ಡಬ್ಬಿಗಳನ್ನು ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ. ದೀಪಗಳು ಮೊದಲಿಗಿಂತ ಜೋರಾಗಿ ಮಿನುಗಿದವು.

ಕಷ್ಟ ಬಂದ ಮನೆಗೆ ಸಲಹೆ ಬರಲು ಸಿಗ್ನಲ್ಲು ಬೇಕಿಲ್ಲ. ಎದುರುಮನೆಯ ಮರುಳಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದೇಬಿಟ್ಟ. ಕರೆಂಟಿನ ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್ ಅವನು. ವೈಫೈ ಬಗ್ಗೆ ಏನೂ ತಿಳಿಯದ್ದರಿಂದ ಅವನಿಗೆ ಅನುಮಾನಗಳೂ ಇರಲಿಲ್ಲ.

"ದೀಪ ಇಷ್ಟ್ ಚೆನ್ನಾಗಿ ಉರೀತಾವೆ ಅಂದ್ಮೇಲೆ ಡಬ್ಬಿ ಗಟ್ಟಿ ಐತೆ," ಎಂದ. "ತಪ್ಪು ನಿನ್ ಮನೇದು ಕಣ್ಲೇ."

ಸರಿ, ಮನೆಯ ರಿಪೇರಿ ಶುರುವಾಯಿತು. ತಗಡು ಸಿಗ್ನಲ್ಲು ಕುಡಿಯುತ್ತದೆಂದು ಅಕ್ಕಿಯ ಡಬ್ಬ ಹಿತ್ತಲಿಗೆ ಹೋಯಿತು. ಹಿತ್ತಾಳೆಯೂ ಕುಡಿಯುತ್ತದೆಂದು ದೇವರ ದೀಪಗಳು ಹೋದವು. ಬೀರುವನ್ನು ಎಳೆಯುವಾಗ ಚೌಡೇಶನ ಸೊಂಟ ಹಿಡಿಯಿತು. ಅವನ ಹೆಂಡತಿ ಪುಷ್ಪಾ, ಕುಡಿಯದೆ ಇರುವ ಸಾಮಾನು ಯಾವುದೆಂದು ಹೇಳಿದರೆ ಅದರಲ್ಲಾದರೂ ಅಡುಗೆ ಮಾಡುತ್ತೇನೆಂದಳು.

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟಪ್ಪನೂ ಓಡಿಬಂದ. ಅವನೂ ನೇಕಾರ. ಅವನ ಮನೆಗೂ ಚೌಡೇಶನ ನಡುಮನೆಗೂ ಒಂದೇ ಗೋಡೆ. ಒಂದು ದಿನದ ಮಟ್ಟಿಗೆಂದು ಪಾಸ್‌ವರ್ಡ್ ಕೇಳಿದವನು ಅಂದಿನಿಂದ ಆ ಗೋಡೆಗೆ ಹೊಡೆದ ರೂಟರಿನಿಂದಲೇ ಪುಗಸಟ್ಟೆ ನೆಟ್ಟು ಹೀರುತ್ತಿದ್ದ. ಹಾಗಾಗಿ ಮಾಲೀಕನಿಗಿಂತ ಅವನಿಗೇ ಹೆಚ್ಚು ಸಂಕಟ. ನಡುಮನೆಯ ರೂಟರನ್ನು ಎದುರುಗೋಡೆಗೆ ಸಾಗಿಸಬೇಕೆಂದು ಮರುಳಪ್ಪ ತೀರ್ಪಿತ್ತಾಗ, ಇದ್ದಲ್ಲೇ ಇರಲೆಂದು ವೆಂಕಟಪ್ಪ ಬಹಳ ವಾದಿಸಿದ. ಕಂಬ ಹತ್ತಿದವನ ಮಾತೇ ನಡೆಯಿತು.

ರೂಟರನ್ನು ಹೊಸ ಗೋಡೆಗೆ ಹೊಡೆಯುವಾಗ ಪುಷ್ಪಾ ಬಗ್ಗಿ ನೋಡಿದಳು.

"ಈ ವೈರಿನ ಎರಡೂ ತುದಿ ಒಂದೇ ಡಬ್ಬಿಗೆ ಯಾಕ್ ಹೋಗೈತೆ?"

"ನಾನೇ ಹಾಕಿದ್ದು," ಎಂದಳು ಪೆದ್ದಮ್ಮ. "ಜೋತಾಡ್ತಿತ್ತು. ಎಳೆ ಬಿಟ್ರೆ ಸಿಕ್ಕಾಗಲ್ವೇನೇ?"

ಚೌಡೇಶ ವೈರು ಕಿತ್ತ. ಅಷ್ಟು ಹೊತ್ತು ತನ್ನೊಳಗೇ ಗಿರಗಿರನೆ ಸುತ್ತುತ್ತಿದ್ದ ನೆಟ್ಟು ದಾರಿಗೆ ಬಂದು, ದೀಪಗಳು ತಣ್ಣಗಾದವು. ಬೀರು ಸರಿಸಿದ್ದರಿಂದಲೇ ಇದಾಯಿತೆಂದು ಮರುಳಪ್ಪ ಬೀದಿಗೆಲ್ಲ ಸಾರಲು ಹೊರಟ. ಚೌಡೇಶ ತಾಯಿಯ ಮೇಲೆ ಬಂದ ಸಿಟ್ಟನ್ನು ನುಂಗಿಕೊಳ್ಳುವಷ್ಟರಲ್ಲಿ ಬಳ್ಳಾರಿಯ ಕರೆ ಬಂತು.

ಅಂಥ ಕರೆಯನ್ನು ಮೊಳಕಾಲ್ಮೂರು ಕಂಡಿರಲಿಲ್ಲ. ಪುಷ್ಪಾ ಫೋನು ಹಿಡಿದಳು, ಚೌಡೇಶ ಸೊಂಟನೋವು ಮರೆತು ನೇಯ್ದ. ಚಿತ್ರ ಒಮ್ಮೆಯೂ ನಿಲ್ಲಲಿಲ್ಲ, ಜರಿಯ ಎಳೆ ಎಳೆಯೂ ಕಂಡಿತು, ಲಾಳಿಯ ಸದ್ದು ಸ್ಪಷ್ಟವಾಗಿ ಕೇಳಿತು. ಯಜಮಾನಿ ಬಹಳ ಹೊತ್ತು ನೋಡಿ, ತಿಳಿಸುತ್ತೇನೆಂದು ಹೇಳಿ ಕರೆ ಮುಗಿಸಿದರು. ಚೌಡೇಶನ ಎದೆ ಉಬ್ಬಿತು. ದಲ್ಲಾಳಿಗಳ ಜಗುಲಿಗೆ ಮನಸ್ಸಿನಲ್ಲೇ ಕೈಮುಗಿದು, ಅಕ್ಕಿಯ ಡಬ್ಬ ಒಳಗೆ ತಂದ.

ದೀಪ ಹಚ್ಚುವ ಹೊತ್ತಿಗೆ ವೆಂಕಟಪ್ಪ ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದ. ಬಳ್ಳಾರಿಯವರು ಚೌಡೇಶನ ನಂತರ ತನ್ನ ಮಗ್ಗವನ್ನೂ ಫೋನಿನಲ್ಲೇ ನೋಡಿದರೆಂದೂ, ವರ್ಷದ ಆರ್ಡರು ತನಗೇ ಕೊಟ್ಟರೆಂದೂ ನಾಚುತ್ತ ಹೇಳಿದ. ಚೌಡೇಶ ತನ್ನ ನೇಯ್ಗೆಯಲ್ಲಿ ಏನು ಕೊರತೆ ಕಂಡರೆಂದು ಕೇಳಿದ.

"ನೇಯ್ಗೆ ಚೆನ್ನಾಗೈತಂತೆ. ಆದ್ರೆ ನಿಂದು ಸಿನಿಮಾ ಥರ ಬಂತಂತಲ್ಲಪ್ಪ. ಮಗ್ಗದ ಕೋಣೇಲಿ ಅಷ್ಟ್ ಚೆಂದ ನೆಟ್ಟು ಎಲ್ಲಿಂದ ಬರ್ಬೇಕು, ಮೊದ್ಲೇ ತೆಗ್ದಿಟ್ಟ ವಿಡಿಯೊ ಹಾಕಿ ತೋರಿಸವ್ನೆ ಅಂದ್ರು. ನಂದು ನಾಕೈದ್ ಸಲ ಕಟ್ಟಾಯ್ತು. ಕೈ ಮೇಲೆತ್ತಿದ್ದು ಹಂಗೇ ನಿಂತ್ಕಂತು, ಸದ್ದು ಆಮೇಲೆ ಬಂತು. ಇದು ಅಸಲಿ ಕೈಮಗ್ಗ ಅಂದ್ರು."

ಚೌಡೇಶನಿಗೆ ಅಳು ಬಂತು. ವೆಂಕಟಪ್ಪ ಅವನ ಕೈಗೊಂದು ಮೈಸೂರುಪಾಕು ಇಟ್ಟು, ದನಿ ತಗ್ಗಿಸಿದ.

"ಇನ್ಮ್ಯಾಕೆ ತಿಂಗಳಾ ತಿಂಗಳಾ ನೋಡ್ತಾರಂತೆ. ಆ ರೂಟರು ಎದುರುಗೋಡೆ ಮ್ಯಾಲೇ ಇರ್ಲಪ್ಪ. ನಮ್ ಕಡೆ ತಂದುಬಿಟ್ಟೀಯಾ, ನೆಟ್ಟು ಸರಿಹೋಗ್ತೈತೆ."