ಪ್ರಶಸ್ತಿ ಬಂದ ಸಿನಿಮಾ ಮತ್ತು ನಮ್ಮವ್ವ

ನಮ್ಮ ಮಂದಿಯ ಕಷ್ಟದ ಮೇಲೆ ಯಾರೋ ಸಿನಿಮಾ ಮಾಡುತ್ತಾರೆ, ಅದಕ್ಕೆ ಪ್ರಶಸ್ತಿ ಬರುತ್ತದೆ, ಆಮೇಲೆ ಗುರುತಿನವರೆಲ್ಲ ನನ್ನ ಮುಖ ನೋಡಲು ಶುರುಮಾಡುತ್ತಾರೆ. ಇದು ಆಗುತ್ತಲೇ ಇರುತ್ತದೆ. ನಾನು ಜೇವರ್ಗಿಯ ಒಂದು ಕಾಲೇಜಿನಲ್ಲಿ ಗಣಿತ ಹೇಳುವವನು. ಊರು ಅಫಜಲಪುರ ತಾಲ್ಲೂಕಿನ ಮಣ್ಣೂರ. ಮನೆಯಲ್ಲಿ ಬುದ್ಧನ ಫೋಟೊ ಇದೆ ಎಂದರೆ ಉಳಿದದ್ದನ್ನು ಜನ ತಾವೇ ತಿಳಿದುಕೊಳ್ಳುತ್ತಾರೆ.

೧. ಮುಂಗಡ ಕ್ಷಮೆ

ಈ ಸಲ ಮೊದಲು ಬಂದವರು ಇತಿಹಾಸದ ಮಾಸ್ತರರು. ಆಳಂದದ ವ್ಯಾಪಾರಸ್ಥರ ಮನೆತನ. ಬಸವಣ್ಣನನ್ನು ಬಾಯಿಮಾತಿಗಲ್ಲ, ಮನಸಾರೆ ನಂಬಿದವರು. ಸ್ಟಾಫ್ ರೂಮಿನಲ್ಲಿ ನನ್ನೆದುರು ಕೈಮುಗಿದು ನಿಂತರು.

"ನಿನ್ನೆ ಆ ಸಿನಿಮಾ ನೋಡಿದ್ನಿರಿ ಸರ. ನಮ್ಮ ಹಿರ್ಯಾರ ಪರವಾಗಿ ಕ್ಷಮಾ ಕೇಳಾಕತ್ತೇನಿ."

ನನಗೆ ಮುಜುಗರವಾಯಿತು. "ಆತು ಬಿಡ್ರಿ ಸರ, ಕ್ಷಮಿಸೇನಿ," ಎಂದೆ.

ಅವರಿಗೆ ಸಮಾಧಾನವಾಗಲಿಲ್ಲ. "ನೀವು ಸಿನಿಮಾ ನೋಡೀರೇನು?"

"ಇಲ್ರಿ."

"ಹಂಗಾರ ಈಗ ಬ್ಯಾಡ್ರಿ. ನೋಡಿಬಂದು ಕ್ಷಮಿಸ್ರಿ."

೨. ಕರ್ಚೀಫು

ಅವರೇ ಟಿಕೆಟ್ ತೆಗೆಸಿ ನನ್ನನ್ನು ಕಲಬುರಗಿಗೆ ಕರೆದುಕೊಂಡು ಹೋದರು. ನನಗೂ ಆಸೆ ಇತ್ತು. ನಮ್ಮಂಥವರ ಓಣಿ ಪರದೆಯ ಮೇಲೆ ಬರುವುದೆಂದರೆ ಸಣ್ಣ ಮಾತಲ್ಲ. ಆದರೆ ಆ ಓಣಿಯಲ್ಲಿ ಯಾರೂ ಜಗಳಾಡಲಿಲ್ಲ, ಯಾರೂ ಚೇಷ್ಟೆ ಮಾಡಲಿಲ್ಲ. ಬಾಯಿ ಬಿಟ್ಟವರೆಲ್ಲ ಸಮಾನತೆಯ ಮೇಲೆ ಭಾಷಣ ಮಾಡಿದರು. ಎತ್ತಿಗೆ ನೀರು ಕುಡಿಸುವವನೂ ಬಿಡಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ದೊಡ್ಡದೊಂದು ಆಕಳಿಕೆ ಬಂತು. ಕಣ್ಣಲ್ಲಿ ನೀರೂ ಬಂತು.

ಮಾಸ್ತರರು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರೆಂದು ಆಗ ಗೊತ್ತಾಯಿತು. ಮೆಲ್ಲಗೆ ನನ್ನ ಕೈ ಹಿಡಿದು ತಮ್ಮ ಕರ್ಚೀಫು ಕೊಟ್ಟರು. ನಿದ್ದೆ ಬರಾಕತ್ತದ ಎಂದು ಹೇಳುವ ಧೈರ್ಯ ಆಗಲಿಲ್ಲ. ಕಣ್ಣೊರೆಸಿಕೊಂಡೆ.

೩. ಅವ್ವನ ವಿಮರ್ಶೆ

"ಅವ್ವಾರೂ ನೋಡಬೇಕ್ರಿ," ಎಂದು ಮಾಸ್ತರರು ಒಂದು ರವಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಮಣ್ಣೂರಿಗೇ ಬಂದರು. ಅವ್ವ ಕನ್ನಡಕ ಹಾಕಿಕೊಂಡು ಕೂತಳು.

ದೊಡ್ಡವರ ಓಣಿ ಬಂದೊಡನೆ ಸಿನಿಮಾದ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ನಡೆದಳು. ಅವ್ವ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. "ಇದು ಖರೇನ ಅದ. ನಾ ಹಿಂಗ ನಡದೇನಿ," ಎಂದಳು. ಅಷ್ಟರಲ್ಲಿ ಸಂಗೀತ ಜೋರಾಯಿತು, ದೊಡ್ಡವರ ಮನೆಯ ನಾಯಕ ಕಟ್ಟೆ ಹತ್ತಿ ಭಾಷಣಕ್ಕೆ ನಿಂತ.

"ಇಂವಾ ಯಾಕ ನಡುವ ಬಂದ?" ಎಂದಳು ಅವ್ವ.

ಮುಗಿದ ಮೇಲೆ ಮಾಸ್ತರರು ಮೆತ್ತಗೆ ಕೇಳಿದರು: "ಹೆಂಗ ಅನಿಸ್ತರಿ ಅವ್ವಾರ?"

"ಚಲೋ ಅದರಿ. ಆದ್ರ ಆ ಹೆಣ್ಮಗಳು ಹೊತ್ತು ಹೊಂಟಾಗಿಂದ ಅಳತಾಳ. ನಮಗ ಕಳೆ ತೆಗಿಯೂದು, ರೊಟ್ಟಿ ಬಡಿಯೂದು ಇರ್ತಿತ್ತು. ಆಕಿಗೆ ಅಳಾಕ ಅಷ್ಟು ಪುರಸತ್ತು ಯಾರು ಕೊಟ್ರು?"

೪. ನೀರು

ಆಮೇಲೆ ಊಟಕ್ಕೆ ಕೂತೆವು. ಆ ಸಿನಿಮಾದ ಕೊನೆಗೆ ನಾಯಕ ಆ ಚಪ್ಪಲಿ ಹಿಡಿದು ನಡೆದ ಹೆಂಗಸಿನ ಕೈಯಿಂದ ನೀರು ಇಸಕೊಂಡು, ಕಣ್ಣುಮುಚ್ಚಿ, ಬಹಳ ಹೊತ್ತು ಕುಡಿಯುತ್ತಾನೆ. ಪ್ರಶಸ್ತಿ ಬಂದದ್ದೇ ಆ ದೃಶ್ಯಕ್ಕೆ ಎನ್ನುತ್ತಾರೆ. ಮಾಸ್ತರರ ಮನಸ್ಸಿನಲ್ಲಿ ಅದೇ ತುಂಬಿತ್ತೋ ಏನೋ, ಅವ್ವ ಕೊಟ್ಟ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣುಮುಚ್ಚಿ, ತುಟಿಯ ಹತ್ತಿರ ತಂದು ಹಾಗೇ ಕೂತುಬಿಟ್ಟರು. ಮುಖದ ಮೇಲೆ ಭಕ್ತಿ. ನಾನು ತಲೆ ತಗ್ಗಿಸಿದೆ.

ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಿ ತಂಬಿಗೆಯೊಳಗೆ ಇಣುಕಿ ಕೇಳಿದಳು:

"ಯಾಕ್ರಿ ಸರ, ಇರವಿ ಬಿದ್ದಾವೇನು?"