ನನ್ನ ವೋಟು ಹಾಕಿದವಳು

ದೇಶ ಹಾಳಾಗುತ್ತಿರುವ ವಿಷಯವನ್ನು ನಮ್ಮ ಮನೆಯಲ್ಲಿ ಪ್ರತಿದಿನ ಬೆಳಿಗ್ಗೆ ಏಳರಿಂದ ಏಳೂವರೆಯವರೆಗೆ ಚರ್ಚಿಸಲಾಗುತ್ತದೆ. ಚರ್ಚೆ ಎಂದರೆ, ಮಾತಾಡುವವರು ನಮ್ಮ ಯಜಮಾನರು. ಕೇಳುವವರು ನಾನು, ಒಲೆಯ ಮೇಲಿನ ಹಾಲು ಮತ್ತು ಗೋಡೆಯ ಮೇಲಿನ ವೆಂಕಟರಮಣ. ನಮ್ಮ ಮೂವರಲ್ಲಿ ಹಾಲು ಮಾತ್ರ ಆಗಾಗ ಉಕ್ಕಿ ತನ್ನ ಅಭಿಪ್ರಾಯ ತಿಳಿಸುತ್ತದೆ. ಇಷ್ಟೆಲ್ಲ ಕಾಳಜಿಯಿರುವ ಮನೆಯಲ್ಲಿ, ದೆಹಲಿ ಪಕ್ಕದ ಈ ಇಂದಿರಾಪುರಂಗೆ ಬಂದು ಆರು ವರ್ಷವಾದರೂ ಒಬ್ಬರೂ ಒಂದು ವೋಟು ಹಾಕಿರಲಿಲ್ಲ ಎಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಜಮಾನರ ಹೆಸರು ಇನ್ನೂ ಮೈಸೂರಿನ ಪಟ್ಟಿಯಲ್ಲಿಯೇ ಇದೆ. ಇಲ್ಲಿಗೆ ಬದಲಾಯಿಸಿಕೊಳ್ಳಿ ಎಂದರೆ, "ಆ ಆಫೀಸಿನಲ್ಲಿ ಲಂಚ ಕೇಳ್ತಾರೆ ಕಣೇ" ಎನ್ನುತ್ತಾರೆ. "ಕೇಳಿದರಾ?" ಎಂದರೆ, "ಹೋದರೆ ತಾನೇ ಕೇಳೋದು!" ನನ್ನ ಕಾರ್ಡು ಇಲ್ಲಿಯದೇ. ಆದರೆ ಅದನ್ನು ಮಾಡಿಸಿದ್ದು ಗ್ಯಾಸ್ ಕನೆಕ್ಷನ್ನಿಗೆ ವಿಳಾಸ ತೋರಿಸಲು. ಅದರಿಂದ ವೋಟು ಕೂಡ ಹಾಕಬಹುದು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಆ ಸಲದ ವಿಧಾನಸಭೆ ಚುನಾವಣೆಗೆ ಉಮೇದುವಾರರೊಬ್ಬರು ನಮ್ಮ ಸೊಸೈಟಿಯ ಗೇಟಿಗೇ ಬಂದು ಭಾಷಣ ಮಾಡಿದರು. ಕಳ್ಳತನವನ್ನು ಬೇರುಸಹಿತ ಕಿತ್ತು ಹಾಕುತ್ತೇನೆ ಎಂದು ಅವರು ಕೈಮುಗಿದು ಹೇಳಿದಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೇಲಿನಿಂದ ನೋಡುವವರಿಗೆ ಬೇಡದ್ದೆಲ್ಲ ಕಾಣುತ್ತದೆ. ಅವರ ಮೈಕಿನ ವೈರು ನೇರವಾಗಿ ಹೋಗಿ ಬೀದಿ ದೀಪದ ಕಂಬಕ್ಕೆ ಕೊಕ್ಕೆ ಹಾಕಿಕೊಂಡಿತ್ತು. ಯಜಮಾನರಿಗೆ ತೋರಿಸಿದೆ. ಅವರು ಹದಿನೈದು ನಿಮಿಷ ಕುದಿದರು. ಆಮೇಲೆ, "ಅಚ್ಛಾ, ಮತದಾನದ ದಿನ ರಜೆ. ನೋಯ್ಡಾದಲ್ಲಿ ನಮ್ಮ ಕನ್ನಡದವರು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದಾರೆ, ಹತ್ತು ಗಂಟೆಗೆ ಹೊರಡಬೇಕು" ಎಂದರು.

ದೆಹಲಿಯ ಕಡೆಯ ಕನ್ನಡಿಗರ ಕಷ್ಟ ಊರಿನವರಿಗೆ ಅರ್ಥವಾಗುವುದಿಲ್ಲ. ಹುಣ್ಣಿಮೆ ನಮ್ಮ ರಜೆ ನೋಡಿಕೊಂಡು ಬರುವುದಿಲ್ಲ. ಎಲ್ಲ ಗಂಡಸರಿಗೂ ಒಟ್ಟಿಗೆ ಬಿಡುವು ಸಿಗುವುದು ಸರಕಾರ ಕೊಟ್ಟ ದಿನ. ಹೀಗಾಗಿ ಪ್ರಜಾಪ್ರಭುತ್ವದ ಹಬ್ಬದ ದಿನ ನಾವು ಹದಿನೆಂಟು ಕುಟುಂಬದವರು ಒಂದು ಫ್ಲ್ಯಾಟಿನಲ್ಲಿ ಸೇರಿ ಸಜ್ಜಿಗೆ ಹುರಿದೆವು. ಪೂಜೆ ಮುಗಿದು ಎಲೆ ಹಾಕಿದಾಗ ಗಂಡಸರ ಪಂಕ್ತಿಯಲ್ಲಿ ದೇಶದ ಮಾತೇ ಮಾತು. ಬಿಸಿಬೇಳೆಬಾತಿನ ಮೇಲೆ ತುಪ್ಪ ಬೀಳುತ್ತಿದ್ದ ಹಾಗೆ ಒಬ್ಬರು ಮಂತ್ರಿಗಳನ್ನು ಜೈಲಿಗೆ ಕಳಿಸಿದರು, ಇನ್ನೊಬ್ಬರು ಗಲ್ಲಿಗೇ ಹಾಕಿಸಿದರು. ನಾನು ಬಡಿಸುತ್ತಾ ಅವರ ಎಡಗೈಗಳನ್ನು ನೋಡಿದೆ. ಒಬ್ಬರ ತೋರುಬೆರಳಿನಲ್ಲೂ ಮಸಿಯಿಲ್ಲ.

ಮಸಿಯಿದ್ದದ್ದು ಪುರೋಹಿತರ ಬೆರಳಿನಲ್ಲಿ ಮಾತ್ರ. ನಾನು ಅದನ್ನೇ ನೋಡುತ್ತಿದ್ದುದನ್ನು ಗಮನಿಸಿ ಅವರು ನಕ್ಕರು.

"ಏಳು ಗಂಟೆಗೇ ಹಾಕಿ ಬಂದೆ ತಾಯಿ. ಸಂಕಲ್ಪದಲ್ಲಿ ಇಂಥ ದೇಶ, ಇಂಥ ಕಾಲ ಅಂತ ದಿನಾ ಹೇಳ್ತೀನಲ್ಲ. ಬರೀ ಹೇಳಿ ಬಿಟ್ಟರೆ ಆಗತ್ತಾ? ನಿಮ್ಮದಾಯ್ತಾ?"

ದೇವರ ಮುಂದೆ ನಿಂತು ಆಯಿತು ಎನ್ನಲು ನಾಲಿಗೆ ಬರಲಿಲ್ಲ. ಐದರವರೆಗೂ ಹಾಕಬಹುದು ಎಂದು ಅವರೇ ಹೇಳಿದರು. ಅಲ್ಲಿಂದ ಹೊರಡುವವರೆಗೂ ನನಗೆ ಅದೇ ಧ್ಯಾನ. ಈ ಜನ್ಮದಲ್ಲಿ ಒಂದಾದರೂ ವೋಟು ಹಾಕಿಬಿಡಬೇಕು.

ನಾಲ್ಕು ಗಂಟೆಗೆ ನಮ್ಮ ಹಿಂದಿನ ಬೀದಿಯ ಶಾಲೆಯಲ್ಲಿ ನಿಂತಿದ್ದೆ. ಮನೆಗೆ ಬಂದಿದ್ದ ವೋಟಿನ ಚೀಟಿ ಹುಡುಕಿದರೆ ಸಿಗಲಿಲ್ಲ. ಕಾರ್ಡು ಮಾತ್ರ ತಂದಿದ್ದೆ. ಯಜಮಾನರು ಕಾರಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ್ದರು. ಮೇಜಿನ ಹಿಂದಿದ್ದ ಮೇಷ್ಟರಂಥ ಅಧಿಕಾರಿ ಪಟ್ಟಿ ನೋಡಿ ಹೇಳಿದರು: "ಬೆಹನ್‌ಜೀ, ನಿಮ್ಮ ವೋಟು ಆಗಿಹೋಗಿದೆ."

"ಆಗಿಲ್ಲ. ನಾನು ಈಗ ಬರ್ತಾ ಇದ್ದೀನಿ."

"ಇಲ್ಲಿ ನೋಡಿ" ಎಂದು ರಿಜಿಸ್ಟರು ತಿರುಗಿಸಿದರು. ನನ್ನ ಸಂಖ್ಯೆಯ ಮುಂದೆ ದುಂಡಗೆ, ತುಂಬು ಶ್ರದ್ಧೆಯಿಂದ ಒತ್ತಿದ ಹೆಬ್ಬೆಟ್ಟು. ಮೈಸೂರಿನಲ್ಲಿ ಬಿ.ಎ. ಮಾಡಿದ ನನಗೆ ವೋಟು ಹೋದದ್ದಕ್ಕಿಂತ ಈ ಹೆಬ್ಬೆಟ್ಟು ಹೆಚ್ಚು ಚುಚ್ಚಿತು.

"ಸರಿ, ಗಂಡನ ಹೆಸರು ಹೇಳಿ" ಎಂದರು.

ನನ್ನ ಕಷ್ಟ ಶುರುವಾದದ್ದು ಇಲ್ಲಿ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಅತ್ತೆ ಹೇಳಿಲ್ಲ, ನಮ್ಮಮ್ಮ ಹೇಳಿಲ್ಲ. ಮೂಢನಂಬಿಕೆ ಎನ್ನಿ, ಅವರ ಆಯುಸ್ಸಿನ ವಿಷಯದಲ್ಲಿ ನಾನೇಕೆ ಪ್ರಯೋಗ ಮಾಡಲಿ? ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಎಲ್ಲಾ ಬರೆದು ಕೊಟ್ಟುಬಿಡುತ್ತೇನೆ. ಇಲ್ಲೂ ಪೆನ್ನಿಗೆ ಕೈ ಚಾಚಿದೆ.

ಪಕ್ಕದ ಬೆಂಚಿನಲ್ಲಿದ್ದ ಪಕ್ಷದ ಏಜೆಂಟು ಗಹಗಹಿಸಿ ನಕ್ಕ. "ಸಾಹೇಬ್, ಇವರಿಗೆ ಗಂಡನ ಹೆಸರೇ ಗೊತ್ತಿಲ್ಲ! ಬೆಳಿಗ್ಗೆ ಬಂದವರು ಫಟ್ಟನೆ ಹೇಳಿದರಲ್ಲ!"

ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನಕಲಿಯೆಂಬಂತೆ ನೋಡಿದರು. ಕಾರ್ಡು ತೋರಿಸಿದೆ. ಅದರಲ್ಲಿನ ಫೋಟೋ ನನಗೇ ಗುರುತು ಸಿಗುವುದಿಲ್ಲ. ಕೊನೆಗೆ ವೆಂಕಟರಮಣನನ್ನು ನೆನೆದು, ಕಣ್ಣು ಮುಚ್ಚಿ, "ಶ್ರೀನಿವಾಸಮೂರ್ತಿ" ಎಂದೆ. ಹೇಳಿದವಳೇ ಕಿಟಕಿಯಿಂದ ಕಾರಿನ ಕಡೆ ಬಗ್ಗಿ ನೋಡಿದೆ. ಗೊರಕೆಗೆ ಹೊಟ್ಟೆ ಏರಿಳಿಯುತ್ತಿತ್ತು. ದೇವರು ದೊಡ್ಡವನು.

ಅಧಿಕಾರಿ ಒಳ್ಳೆಯವರು. ನನ್ನ ಬೆರಳಿಗೂ ಮಸಿ ಹಚ್ಚಿಸಿ, ಕಾಗದದ ಮತಪತ್ರವೊಂದನ್ನು ಕೊಟ್ಟು, ನಾನು ಗುರುತು ಹಾಕಿದ ಮೇಲೆ ಲಕೋಟೆಯಲ್ಲಿಟ್ಟರು. "ಇದನ್ನು ಎಣಿಸ್ತೀರಾ?" ಎಂದೆ. "ಕೋರ್ಟು ಹೇಳಿದರೆ" ಎಂದರು. ಅಲ್ಲಿಗೆ ಎಣಿಕೆಗೆ ಸೇರುವುದು ಆ ಹೆಬ್ಬೆಟ್ಟಿನವಳ ವೋಟೇ. ಮನೆಯಲ್ಲಿ ದೊಡ್ಡ ರಂಪವಾಯಿತು. ಮಗಳು, "ಮಮ್ಮಾ, ಯೆ ತೋ ಕ್ರೈಂ ಹೈ! ಪೊಲೀಸಿಗೆ ಹೇಳು ನಾ" ಎಂದಳು. ಯಜಮಾನರು ಪತ್ರಿಕೆಗೆ ಕಾಗದ ಬರೆಯುತ್ತೇನೆಂದು ಮೂರು ಹಾಳೆ ಹರಿದರು. ನನಗೆ ಮಾತ್ರ ಸಿಟ್ಟಿಗಿಂತ ಕುತೂಹಲವೇ ಹೆಚ್ಚು. ಯಾರಿರಬಹುದು ಆ ನಾನು? ಯಾವ ಸೀರೆ ಉಟ್ಟಿದ್ದಳೋ? ನನ್ನ ಹೆಸರಿನಲ್ಲಿ ಯಾರನ್ನು ಆರಿಸಿದಳೋ?

ಮರುದಿನ ಬೆಳಿಗ್ಗೆ ನಮ್ಮ ಮನೆ ಕೆಲಸದ ಕಮಲಾ ಪಾತ್ರೆ ಉಜ್ಜಲು ಕುಳಿತಳು. ಅವಳ ತೋರುಬೆರಳಿನಲ್ಲಿ ನನ್ನ ಹಾಗೆಯೇ ಮಸಿ. ಹಿಂದಿನ ಗುಡಿಸಲು ಬಸ್ತಿಯಲ್ಲಿ ಹನ್ನೆರಡು ವರ್ಷದಿಂದ ಇದ್ದರೂ ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎಂಬುದು ನನಗೆ ಗೊತ್ತಿತ್ತು.

"ಕಮಲಾ, ನಿನಗೆಲ್ಲಿಂದ ಬಂತೇ ವೋಟು?"

ಅವಳ ಮುಖ ಅರಳಿತು. "ನೀವೇ ಕೊಟ್ಟಿರಲ್ಲ ದೀದಿ!"

"ನಾನಾ?"

"ಮೊನ್ನೆ ಹಳೇ ಪೇಪರ್ ಕೊಟ್ಟಿರಲ್ಲ, ಅದರೊಳಗೆ ಚೀಟಿ ಇತ್ತು. ನಾಳೆ ನಾವು ಇರಲ್ಲ, ಬರಬೇಡ ಅಂತಾನೂ ಅಂದಿರಿ. ನಮ್ಮ ಬಸ್ತಿ ಪ್ರಧಾನ್ ಓದಿ ಹೇಳಿದ, ಇದು ವೋಟಿನ ಚೀಟಿ, ನಿಮ್ಮ ದೀದಿಗೆ ಬೇಡವಂತೆ, ನೀನೇ ಹಾಕು ಅಂತ. ಭಯ್ಯಾಜೀ ಹೆಸರು ರಾತ್ರಿಯೆಲ್ಲ ಬಾಯಿಪಾಠ ಮಾಡಿದೆ. ಎರಡು ಗಂಟೆ ಸಾಲಿನಲ್ಲಿ ನಿಂತೆ. ಸ್ನಾನ ಮಾಡಿಕೊಂಡು ಹೋಗಿದ್ದೆ ದೀದಿ. ಮೊದಲನೇ ವೋಟು!"

ಗದರಬೇಕೆಂದು ಬಾಯಿ ತೆರೆದೆ. ಪೊಲೀಸು ಎಂದರೆ ಇವಳು ಒಳಗೆ. ಇವಳು ಒಳಗೆ ಎಂದರೆ ಈ ಪಾತ್ರೆಗಳು ನನ್ನ ಪಾಲಿಗೆ. ರದ್ದಿಯಲ್ಲಿ ಹಾಕಿದವಳು ನಾನು, ಮಡಿಯಲ್ಲಿ ಹೋಗಿ ಹಾಕಿದವಳು ಅವಳು. ಬಾಯಿ ಮುಚ್ಚಿದೆ. ದೇಶಕ್ಕೂ ನನ್ನ ಅಡುಗೆಮನೆಗೂ ನಡುವೆ ರಾಜಿ ಮಾಡಿಕೊಳ್ಳಲು ನನಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಕುತೂಹಲ ಮಾತ್ರ ಬಿಡಲಿಲ್ಲ.

"ಹೋಗಲಿ, ಯಾರಿಗೆ ಹಾಕಿದೆ?"

ಕಮಲಾ ಕೈ ತೊಳೆದುಕೊಂಡು ಎದ್ದು ನಿಂತಳು. "ದೀದಿ, ಅದು ಗುಪ್ತ. ಹೇಳಬಾರದಂತೆ."

"ಅಯ್ಯೋ, ನನ್ನ ವೋಟು ಕಣೇ ಅದು!"

"ಯಾರಿಗೂ ಹೇಳಬಾರದಂತೆ ದೀದಿ, ನಿಮಗೂ" ಎಂದು ಮತ್ತೆ ಉಜ್ಜಲು ಕುಳಿತಳು.

ಚಹಾ ಕೊಟ್ಟು ಕೇಳಿದೆ, ದೀಪಾವಳಿಗೆ ಸೀರೆ ಕೊಟ್ಟು ಕೇಳಿದೆ. ಎರಡನ್ನೂ ತೆಗೆದುಕೊಂಡಳು, ಹೇಳಲಿಲ್ಲ. ನಾನು ಕೊಟ್ಟದ್ದಕ್ಕೆ ಏನು ಹೆಸರೆಂದು ಆಮೇಲೆ ಹೊಳೆದು ನಾಚಿಕೆಯಾಯಿತು.

ಗೆದ್ದವನ ಹೆಸರು ವರ್ಷ ತುಂಬುವುದರೊಳಗೆ ಪತ್ರಿಕೆಯ ಮೊದಲ ಪುಟಕ್ಕೆ ಬಂತು, ಯಾವುದೋ ರಸ್ತೆ ನುಂಗಿದನಂತೆ. ಯಜಮಾನರು ಪತ್ರಿಕೆಯನ್ನು ಮೇಜಿಗೆ ಬಡಿದು, "ಇಂಥವನಿಗೆ ವೋಟು ಹಾಕಿದವರು ಯಾರು ಅಂತ ನನಗೊಮ್ಮೆ ಗೊತ್ತಾಗಲಿ!" ಎಂದು ಗುಡುಗಿದರು.

ನನಗೂ ಗೊತ್ತಾದರೆ ಚೆನ್ನಾಗಿತ್ತು. ಬಚ್ಚಲ ಕಡೆ ನೋಡಿದೆ. ಕಮಲಾ ತಲೆ ಎತ್ತದೆ ಬಾಣಲೆ ತಿಕ್ಕುತ್ತಿದ್ದಳು. ನಾನು ಯಜಮಾನರ ಲೋಟ ಎತ್ತಿಕೊಂಡು, "ಇನ್ನೊಂದು ಸ್ವಲ್ಪ ಕಾಫಿ ಹಾಕಲೇ?" ಎಂದೆ.